ಮೇಷ್ಟ್ರು ನೆಲಕ್ಕೆ ಕೂತ ಮೇಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಬೇಸಿಗೆ ರಜೆ ಮುಗಿದಾಗ ಇಲ್ಲಿನ ಸರ್ಕಾರಿ ಶಾಲೆಗಳಲ್ಲೂ ಪ್ರಾರಂಭೋತ್ಸವ: ಬಾಗಿಲಿಗೆ ತೋರಣ, ಮಕ್ಕಳ ಕೈಗೆ ಹೂವು, ಬಿಸಿಯೂಟಕ್ಕೆ ಸಿಹಿ. ತೋರಣ ಬಾಡುವ ಮೊದಲೇ ಒಂದನೇ ಕ್ಲಾಸಿನಲ್ಲಿ ಅಳು ಶುರುವಾಗಿರುತ್ತದೆ. ಅಳುವ ಮಗುವನ್ನು ಎತ್ತಿಕೊಂಡು ಹೋಗಿ ಕೂರಿಸಿ ಕದ ಹಾಕುವುದೇ ಹಿಂದಿನವರಿಗೆ ಗೊತ್ತಿದ್ದ ಮದ್ದು. ಮಗು ಶಾಲೆಗೆ ಒಗ್ಗಬೇಕು, ಅಷ್ಟೆ. ಶಾಲೆಯೂ ಮಗುವಿಗೆ ಒಗ್ಗಬೇಕೆಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು.

ಮೊದಲ ಮೆಟ್ಟಿಲು ಅಂಗನವಾಡಿ. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಅದು ಆರಂಭವಾದದ್ದು ತಿ. ನರಸೀಪುರದಲ್ಲಿ. ಉದ್ದೇಶ ಮುಖ್ಯವಾಗಿ ಪೌಷ್ಟಿಕ ಆಹಾರವೇ ಆದರೂ, ಅಮ್ಮನನ್ನು ಬಿಟ್ಟಿರುವ ಅಭ್ಯಾಸ ಮಗುವಿಗೆ ಆದದ್ದು ಅಲ್ಲಿಯೇ. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಮರುವರ್ಷ ಇತ್ತಲೂ ಬಂತು.

ತರಗತಿಯ ಒಳಗನ್ನು ಬದಲಿಸಿದ್ದು ಮಾತ್ರ ನಲಿ-ಕಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಯವರು ಸುತ್ತಲ ಹಳ್ಳಿ ಮಕ್ಕಳಿಗೆಂದು ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿದ್ದರು. ಅದನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ. ಬೆಂಚು ಹೋಗಿ ಮಕ್ಕಳು ಗುಂಪಾಗಿ ಚಾಪೆಯ ಮೇಲೆ ಕೂತರು, ಮೇಷ್ಟ್ರೂ ನೆಲಕ್ಕಿಳಿದರು. ತಲೆಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ಮಗು ತಾನು ಬರೆದ ಚಿತ್ರವನ್ನು ತಾನೇ ನೇತುಹಾಕಬಹುದು. ಶುರುವಿನ ಕಾರ್ಡುಗಳಲ್ಲಿ ಅಕ್ಷರವೇ ಇಲ್ಲ. ಹಾಡು, ಆಟ, ಕತೆ, ಗೆರೆ ಎಳೆಯುವುದು. ನಾಲ್ಕು ದಿನ ತಪ್ಪಿಸಿಕೊಂಡವನು ಬಿಟ್ಟಲ್ಲಿಂದಲೇ ಮುಂದುವರಿಯುತ್ತಾನೆ. ‘ಎಲ್ಲರಿಗಿಂತ ಹಿಂದೆ’ ಎಂಬ ಭಯವೇ ಅರ್ಧ ಅಳುವಿಗೆ ಕಾರಣವೆಂದು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಪಾವಗಡದ ಕತೆ ಬೇರೆ. ಸುತ್ತಲೂ ಬಹುಪಾಲು ಆಂಧ್ರವೇ ಇರುವ ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ, ಶಿರಾ ಪೇಟೆಯ ಕೆಲವು ಓಣಿಗಳಲ್ಲಿ ಉರ್ದು. ‘ಕೂತ್ಕೋ’ ಅಂದರೆ ನಿಂತೇ ಇರುವ ಮಗು ಹಟಮಾರಿಯಲ್ಲ, ಮಾತು ತಿಳಿದಿಲ್ಲ, ಅಷ್ಟೆ. ಅಂಗನವಾಡಿಯಲ್ಲಿ ಊರಿನವಳೇ ಆದ ಟೀಚರ್ ತೆಲುಗಿನಲ್ಲೇ ‘ರಾ ಕನ್ನಾ’ ಅನ್ನುತ್ತಾಳೆ. ಶಾಲೆಗೆ ದೂರದೂರಿನಿಂದ ಬಂದ ಮೇಷ್ಟ್ರಿಗೆ ಅದೇ ಎರಡು ಪದ ಬಂದರೂ ಮೊದಲ ವಾರ ಹಗುರ. ತೆಲುಗು ಸೀಮೆಯಲ್ಲಿ ಹುಟ್ಟಿದ ಕಾರ್ಡು ಹೆಗ್ಗಡದೇವನಕೋಟೆಯ ಕಾಡು ಸುತ್ತಿ, ಕನ್ನಡ ಕಲಿತು, ಮತ್ತೆ ತೆಲುಗು ಮಾತಿನ ಮಕ್ಕಳ ಕೈಗೆ ಬಂದಿದೆ!

2022ರಿಂದ ವಿದ್ಯಾಪ್ರವೇಶ ಬಂದಿದೆ. ಒಂದನೇ ತರಗತಿಯ ಮೊದಲ 72 ದಿನ ಆಟದ ಪಾಠ, ಮನೆಮಾತಿಗೂ ಜಾಗ. ‘ಇನ್ನೂ ಅ ಆ ಇ ಈ ಹೇಳಿಕೊಟ್ಟಿಲ್ಲವಾ ಸಾರ್?’ ಎಂದು ಕೇಳುವ ಅಪ್ಪಂದಿರಿಗೆ ಅದನ್ನು ವಿವರಿಸುವುದೇ ಮೇಷ್ಟ್ರಿಗೆ ಇನ್ನೊಂದು ಕೆಲಸ. ಇದರ ಜತೆಗೆ ವಯಸ್ಸಿನ ಗೊಂದಲ. ಒಂದನೇ ತರಗತಿಗೆ ಆರು ತುಂಬಿರಬೇಕೆಂದ ಸರ್ಕಾರ, 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆ ಪ್ರಾಯದಲ್ಲಿ ಏಳು ತಿಂಗಳೆಂದರೆ ಸಣ್ಣದಲ್ಲ. ಒಂದರಿಂದ ಮೂರರವರೆಗೆ ಒಂದೇ ಕೋಣೆಯಲ್ಲಿ ನಡೆಸುವ ನಲಿ-ಕಲಿ ಮೇಷ್ಟ್ರು ಇಂಥ ಎಳೆಯರನ್ನು ಸಂಭಾಳಿಸಲು ಕೊನೆಗೆ ನೆಚ್ಚುವುದು ಮೂರನೇ ಕ್ಲಾಸಿನ ಅಕ್ಕಂದಿರನ್ನು. ಹೊಸ ಮಗುವಿನ ಕೈ ಹಿಡಿದು ನಲ್ಲಿ, ಶೌಚಾಲಯ, ಊಟದ ಸಾಲು ತೋರಿಸುವವರು ಅವರೇ.