ಅಂಗಡಿಯ ಕ್ಯೂಆರ್ ಚೌಕದಲ್ಲಿ ಸಮಾಂತರ ಶ್ರೇಢಿ

ಬೋಧನಾಭ್ಯಾಸಕ್ಕೆಂದು ದೊಡ್ಡಉಳ್ಳಾರ್ತಿಗೆ ಹೋದಾಗ ಹತ್ತನೆಯ ತರಗತಿಯ ಗಣಿತದಲ್ಲಿ ನನ್ನ ಪಾಲಿಗೆ ಬಂದದ್ದು ‘ಸಮಾಂತರ ಶ್ರೇಢಿಗಳು’ ಘಟಕ. ಏಣಿಯ ಮೆಟ್ಟಿಲು, ಹೂದೋಟದ ಸಾಲು, ವರ್ಷಕ್ಕಿಷ್ಟು ಎಂದು ಏರುವ ಸಂಬಳ, ಎಲ್ಲವನ್ನೂ ಚಾರ್ಟಿನಲ್ಲಿ ಬರೆದು ಒಯ್ದಿದ್ದೆ. ಮಕ್ಕಳು ಸೂತ್ರ ಒಪ್ಪಿಸಿದರು. ನೀವೇ ಒಂದು ಉದಾಹರಣೆ ಕೊಡಿ ಎಂದರೆ ನನ್ನ ಚಾರ್ಟನ್ನೇ ಓದಿದರು. ಮಳೆ ನಂಬಿ ಶೇಂಗಾ ಬಿತ್ತುವ ಮನೆಗಳಲ್ಲಿ ತಪ್ಪದೆ ಏರುವ ಸಂಬಳ ಯಾರಿಗೆ ಬರುತ್ತದೆ? ಸಂಜೆ ಬಸ್ಸಿಗೆ ಕಾಯುತ್ತ ಟೀ ಅಂಗಡಿಯ ಮುಂದೆ ನಿಂತಾಗ ಇದು ಹೊಳೆಯಿತು. ಕಣ್ಣೆದುರಿಗೇ ಕ್ಯೂಆರ್ ಕೋಡಿನ ಸ್ಟಿಕ್ಕರ್ ಅಂಟಿಸಿದ್ದರು.

ಈ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ರೂಪಿಸಿದ್ದು ವಾಹನಗಳ ಬಿಡಿಭಾಗಗಳ ಲೆಕ್ಕಕ್ಕಾಗಿ. ಅದಕ್ಕೆ 40 ಅಳತೆಗಳಿವೆ. ಅತಿ ಚಿಕ್ಕದರಲ್ಲಿ ಒಂದು ಬದಿಗೆ 21 ಪುಟ್ಟ ಚೌಕಗಳು, ಮುಂದಿನದರಲ್ಲಿ 25, ಆಮೇಲೆ 29. ಮೊದಲ ಪದ 21, ಸಾಮಾನ್ಯ ವ್ಯತ್ಯಾಸ 4. ನಲವತ್ತನೆಯ ಪದ 21 + 39 × 4, ಅಂದರೆ 177. ಅತಿ ದೊಡ್ಡ ಕ್ಯೂಆರ್ ಕೋಡಿನ ಬದಿಗೆ ಇರುವುದೂ ಸರಿಯಾಗಿ 177 ಚೌಕಗಳೇ. ಮರುದಿನ ಪಾಠ ಯೋಜನೆ ಬದಲಿಸಿದೆ. ಒಂದು ಕೋಡನ್ನು ದೊಡ್ಡದಾಗಿ ಮುದ್ರಿಸಿ ಗುಂಪಿಗೊಂದು ಹಾಳೆ ಕೊಟ್ಟು, ಬದಿಯ ಚೌಕಗಳನ್ನು ಎಣಿಸಿ ಎಂದೆ.

ಒಂದು ಗುಂಪು 36 ಎಂದಿತು, ಉಳಿದವರು 37 ಎಂದರು. ಜಗಳ ಶುರುವಾಯಿತು. ಮತ್ತೆ ಎಣಿಸುವ ಮೊದಲು ಸೂತ್ರವನ್ನು ಕೇಳೋಣ ಎಂದೆ. 36ರಲ್ಲಿ 21 ಕಳೆದರೆ 15. ಅದು 4ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಹಾಗಾಗಿ 36 ಈ ಶ್ರೇಢಿಯ ಪದವಾಗಲಾರದು. 37 ಆದರೆ ಐದನೆಯ ಪದ. ‘ದತ್ತ ಸಂಖ್ಯೆಯು ಶ್ರೇಢಿಯ ಪದವೇ ಪರಿಶೀಲಿಸಿ’ ಎಂಬ ಲೆಕ್ಕವನ್ನು ಮೊದಲ ದಿನ ಹಲಗೆಯ ಮೇಲೆ ಮೂರು ಸಲ ಮಾಡಿದ್ದೆ; ಆಗ ಯಾರೂ ಜಗಳವಾಡಿರಲಿಲ್ಲ. ಆಮೇಲೆ ಕೋಡಿನ ನಡುವೆ ಒಂದು ಶೇಂಗಾ ಸಿಪ್ಪೆ ಇಟ್ಟು ನನ್ನ ಫೋನಿನಿಂದ ಸ್ಕ್ಯಾನ್ ಮಾಡಿದೆವು. ಓದಿತು. ಮೂಲೆಯ ದೊಡ್ಡ ಚೌಕವೊಂದನ್ನು ಪೂರ್ತಿ ಮುಚ್ಚಿದಾಗ ಓದಲಿಲ್ಲ. ಒಂದಿಷ್ಟು ಭಾಗ ಹಾಳಾದರೂ ಮಾಹಿತಿ ಮರಳಿ ಸಿಗುವಂತೆ ಕೋಡಿನಲ್ಲಿ ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಮೂರು ಮೂಲೆಯ ಚೌಕಗಳು ಕೋಡು ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂದು ಫೋನಿಗೆ ತಿಳಿಸುತ್ತವೆ.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಮೇಡಂ, ಇದ್ರಾಗೆ ದುಡ್ಡು ಎಲ್ಲೈತೆ?”

ಬ್ಯಾಂಕಿನಲ್ಲಿರುತ್ತದೆ ಎಂದು ಹೇಳಿ ಮುಂದೆ ಹೋದೆ. ಅವಳು ಕೂರಲಿಲ್ಲ. “ಹಂಗಾದ್ರೆ ಅವ್ರ ಫೋನ್‌ನಾಗೆ ಹಸಿರು ಗುರುತು ಬಂದ್ರೆ ನಮಗೆ ದುಡ್ಡು ಬಂದಂಗಲ್ವಾ?”

ಅವಳ ತಾಯಿ ನಡೆಸುವುದು ಒಂದು ಪುಟ್ಟ ಅಂಗಡಿ. ಯಾರೋ ಬಂದು 340 ರೂಪಾಯಿ ಸಾಮಾನು ಕೊಂಡು, ಫೋನಿನ ಪರದೆಯಲ್ಲಿ ಹಸಿರು ಗುರುತು ತೋರಿಸಿ ಹೋಗಿದ್ದರು. ಹಣ ಬರಲೇ ಇಲ್ಲ. ತಾಯಿಗೆ ಓದಲು ಬಾರದು. ಅಂದಿನಿಂದ ಸಂತೆಯ ದಿನ ಫೋನ್ ನೋಡಲು ಮಗಳು ಅಂಗಡಿಯಲ್ಲಿ ಕೂರುತ್ತಾಳೆ. ಹಾಜರಿ ಪುಸ್ತಕ ತೆಗೆದು ನೋಡಿದೆ. ವಾರಕ್ಕೊಂದು ಗೈರು, ಅದೂ ಒಂದೇ ವಾರದಂದು. ಇದೂ ಒಂದು ಸಮಾಂತರ ಶ್ರೇಢಿಯೇ, ಸಾಮಾನ್ಯ ವ್ಯತ್ಯಾಸ 7.

ಉಳಿದ ಅವಧಿಯನ್ನು ಅವಳ ಪ್ರಶ್ನೆಗೇ ಕೊಟ್ಟೆ. ಸ್ಟಿಕ್ಕರಿನಲ್ಲಿ ದುಡ್ಡಿಲ್ಲ, ಇರುವುದು ಅಂಗಡಿಯವರ ಪಾವತಿ ವಿಳಾಸ ಮತ್ತು ಹೆಸರು, ಪತ್ರದ ಮೇಲಿನ ವಿಳಾಸದ ಹಾಗೆ. ಯಾರಾದರೂ ಅದರ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿದರೆ ಹಣ ಅವರಿಗೆ ಹೋಗುತ್ತದೆ. ಗ್ರಾಹಕರು ಪಿನ್ ಒತ್ತಿದ ಮೇಲೆ 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆ ಅವರ ಬ್ಯಾಂಕಿಗೆ ‘ಕಳೆ’ ಎಂದೂ ಅಂಗಡಿಯವರ ಬ್ಯಾಂಕಿಗೆ ‘ಕೂಡು’ ಎಂದೂ ತಿಳಿಸುತ್ತದೆ. ಆದ್ದರಿಂದ ಸಾಕ್ಷಿ ಇರುವುದು ಪಡೆಯುವವರ ಕಡೆ. ಕೊಡುವವರ ಪರದೆ ಬರೀ ಚಿತ್ರ. ಅದನ್ನು ಯಾರೂ ತಯಾರಿಸಬಹುದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಎರಡು ಸಲ ಹೇಳಿಸಿದೆ. ಅಂಗಡಿಯ ಸೌಂಡ್‌ಬಾಕ್ಸ್ ಒಳಗೆ ಅದರದೇ ಸಿಮ್ ಇರುತ್ತದೆ. ಜಮೆಯಾದ ಸುದ್ದಿ ಬಂದ ಮೇಲೆ ಮಾತ್ರ ಅದು ಕನ್ನಡದಲ್ಲಿ ಕೂಗುತ್ತದೆ. ಓದಲು ಬಾರದವರಿಗೆ ಅದು ದೊಡ್ಡ ಉಪಕಾರ. ಆದರೆ ತಿಂಗಳ ಬಾಡಿಗೆ ಕೇಳಿದರೆ ಸಣ್ಣ ಅಂಗಡಿಯವರು ಹಿಂಜರಿಯುತ್ತಾರೆ.

ತಂತ್ರಜ್ಞಾನ ವ್ಯಾಪಾರವನ್ನು ವೇಗಗೊಳಿಸಿತು ಎಂದು ನಾವು ಪ್ರಬಂಧಗಳಲ್ಲಿ ಬರೆಯುತ್ತೇವೆ. ಮನೆಯೊಳಗೆ ಅದು ಯಾರ ಕೆಲಸ ಹೆಚ್ಚಿಸಿತು ಎಂದು ನಾನಂತೂ ಕೇಳಿಕೊಂಡಿರಲಿಲ್ಲ. ಎಪಿಎಂಸಿಯ ಆನ್‌ಲೈನ್ ಟೆಂಡರಿನಲ್ಲಿ ಶೇಂಗಾ ಲಾಟಿಗೆ ಸಿಕ್ಕ ದರ ಬರುವುದು ಎಸ್‌ಎಂಎಸ್‌ನಲ್ಲಿ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸುದ್ದಿಯೂ ಹಾಗೆಯೇ. ಇದನ್ನೆಲ್ಲ ಓದಿ ಹೇಳುವವರು ನಮ್ಮ ತರಗತಿಯ ಮಕ್ಕಳು. ಹಿಂದೆ ಊರಿನಲ್ಲಿ ಪತ್ರ ಓದಿ ಹೇಳುವವರಿಗೆ ಗೌರವವಾದರೂ ಇತ್ತು. ಇವರಿಗೆ ಸಿಗುವುದು ಗೈರುಹಾಜರಿ.

ಸಂಜೆ ಅವಳ ಜೊತೆ ಅಂಗಡಿಗೆ ಹೋದೆ. ನೋಟು ಎಣಿಸುವ ತಾಯಿಗೆ ಅಂಕಿಗಳು ಗೊತ್ತು. ಇಂಗ್ಲಿಷಿನ ‘ಕ್ರೆಡಿಟೆಡ್’, ‘ಡೆಬಿಟೆಡ್’ ಗುರುತಿಸುವುದು ಹೇಗೆ ಎಂದು ಯೋಚಿಸುತ್ತಿರುವಾಗ ಮಗಳೇ ದಾರಿ ಹುಡುಕಿದಳು: “ಅಮ್ಮ, ಬಾಯ್ಬಿಟ್ಟ ಬಳೆ ಇದ್ರೆ ಬಂದೈತೆ.” ನನ್ನ ಯಾವ ಕಲಿಕೋಪಕರಣವೂ ಇಷ್ಟು ಚೆನ್ನಾಗಿರಲಿಲ್ಲ. ನಕಲಿ ಎಸ್‌ಎಂಎಸ್‌ಗಳೂ ಬರುವುದರಿಂದ, ದೊಡ್ಡ ಮೊತ್ತವಾದರೆ ಆ್ಯಪಿನ ಜಮೆ ಪಟ್ಟಿಯಲ್ಲಿ ಅದೇ ಅಂಕಿ ಇದೆಯೇ ನೋಡಬೇಕೆಂದು ತೋರಿಸಿಕೊಟ್ಟೆ. “ನೋಡಾಮಾ ಕಣಮ್ಮ, ಅಲ್ಲೀಗಂಟ ಗಿರಾಕಿ ನಿಂದ್ರಬೇಕಲ್ಲ,” ಎಂದರು ಅವರು.

ನನ್ನ ಬೋಧನಾಭ್ಯಾಸದ ಕೊನೆಯ ವಾರ, ಸಂತೆಯ ದಿನ, ಅವಳು ಎರಡನೆಯ ಅವಧಿಗೆ ಬಂದಳು. ಬೆಳಗಿನ ವ್ಯಾಪಾರ ತಾನು ನೋಡಿಕೊಂಡೆ, ಉಳಿದದ್ದನ್ನು ಅಮ್ಮನೇ ನೋಡಿಕೊಳ್ಳುತ್ತಾಳೆ ಎಂದಳು. ಹಾಜರಿ ಅಷ್ಟರಲ್ಲಿ ಮುಗಿದಿತ್ತು. ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಪುಸ್ತಕ ಮತ್ತೆ ತೆರೆಸಿದೆ.