ಗುರುಗಳಿಗೆ ಏನು ಕೊಡೋಣ?

ಫೆಬ್ರವರಿ ಮುಗಿಯುತ್ತ ಬಂದು ಬಿಸಿಲು ಏರತೊಡಗಿತೆಂದರೆ ನಮ್ಮ ಹಳ್ಳಿಯ ಶಾಲೆಗಳಲ್ಲಿ ಎರಡು ಗಡಿಬಿಡಿಗಳು ಒಟ್ಟಿಗೇ ಶುರುವಾಗುತ್ತವೆ. ಒಂದು ಪರೀಕ್ಷೆಯದು, ಇನ್ನೊಂದು ಬೀಳ್ಕೊಡುವ ಸಮಾರಂಭದ್ದು. ಗೋಕಾಕ ಸೀಮೆಯ ಮೇಲವಂಕಿಯಂಥ ಊರುಗಳಲ್ಲಿ ಶಾಲೆ ಬಿಟ್ಟು ಹೋಗುವ ಮಕ್ಕಳು ವರ್ಗಣಿ ಕೂಡಿಸುತ್ತಾರೆ. ಅದರಲ್ಲಿ ಶಾಲೆಗೊಂದು ನೆನಪಿನ ಕಾಣಿಕೆ, ಗುರುಗಳಿಗೆ ಮತ್ತು ಅಕ್ಕಾವರಿಗೆ ಒಂದೊಂದು ಉಡುಗೊರೆ, ಹಾರ, ಗ್ರೂಪ್ ಫೋಟೊ, ಕೊನೆಗೆ ಎಲ್ಲರಿಗೂ ಉಪ್ಪಿಟ್ಟು, ಶಿರಾ.

ಉಡುಗೊರೆ ಏನೆಂಬುದನ್ನು ಯಾರೂ ಕೇಳಬೇಕಾಗಿಲ್ಲ. ಗೋಡೆ ಗಡಿಯಾರ, ಇಲ್ಲವೇ ಸರಸ್ವತಿಯ ಚಿತ್ರಪಟ, ಇಲ್ಲವೇ ಶಾಲು. ಇಪ್ಪತ್ತು ವರ್ಷ ಕಲಿಸಿದ ಮಾಸ್ತರರ ಮನೆಯಲ್ಲಿ ನಾಲ್ಕು ಗೋಡೆಗೂ ಒಂದೊಂದು ಗಡಿಯಾರ ತೂಗುಹಾಕಿದ ಮೇಲೂ ಅಟ್ಟದ ಮೇಲೆ ಇನ್ನೆರಡು ಉಳಿದಿರುತ್ತವೆ. ಕೊಟ್ಟ ಮಕ್ಕಳ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿಗೆ ತಕ್ಕ ವಸ್ತು ಇದೇ ಏನು? ಅದಕ್ಕಿಂತ ಮುಖ್ಯವಾಗಿ, ಆ ವರ್ಗಣಿ ಯಾವ ಮನೆಗೆ ಎಷ್ಟು ಭಾರವಾಯಿತು? ಇದನ್ನು ವಿಚಾರ ಮಾಡುವುದು ಅಗತ್ಯ.

ಬನ್ನಿಯ ಹಿಂದಿನ ಕತೆ

ದಸರೆಯ ಸಂಜೆ ನಮ್ಮ ಭಾಗದಲ್ಲಿ ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕರಿಸುವ ಪದ್ಧತಿ ಇದೆ. ಎಲೆಯನ್ನು ಬಂಗಾರವೆಂದು ಕರೆಯುವ ಈ ಹಬ್ಬದ ಹಿಂದೆ ಹೇಳುವ ಒಂದು ಕತೆ ಗುರುದಕ್ಷಿಣೆಯದೇ ಎಂಬುದು ಎಷ್ಟೋ ಜನರಿಗೆ ಮರೆತುಹೋಗಿದೆ.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನ ಪ್ರಸಂಗ ಬರುತ್ತದೆ. ಶಿಷ್ಯ ಕೌತ್ಸ ವಿದ್ಯೆ ಮುಗಿಸಿ ಗುರು ವರತಂತುವಿಗೆ ದಕ್ಷಿಣೆ ಏನು ಬೇಕೆಂದು ಕೇಳುತ್ತಾನೆ. ನಿನ್ನ ಭಕ್ತಿಯ ಸೇವೆಯೇ ಸಾಕು ಎನ್ನುತ್ತಾನೆ ಗುರು. ಶಿಷ್ಯ ಹಟ ಹಿಡಿಯುತ್ತಾನೆ. ಸಿಟ್ಟಿಗೆದ್ದ ಗುರು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಾ ಎಂದುಬಿಡುತ್ತಾನೆ. ಕೌತ್ಸ ರಘುಮಹಾರಾಜನ ಬಳಿ ಹೋಗುತ್ತಾನೆ. ಎಲ್ಲವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಕೊಡುವ ಸ್ಥಿತಿಯಲ್ಲಿದ್ದ ರಘು, ಕುಬೇರನ ಮೇಲೆಯೇ ದಂಡೆತ್ತಿ ಹೋಗಲು ಸಿದ್ಧನಾಗುತ್ತಾನೆ. ಆಗ ಚಿನ್ನದ ಮಳೆ ಸುರಿಯುತ್ತದೆ. ಅದು ಬನ್ನಿಯ ಗಿಡದ ಮೇಲೆ ಸುರಿಯಿತು ಎಂದು ಸೇರಿಸಿದ್ದು ಜನರ ಬಾಯಿಮಾತು. ಕೌತ್ಸ ಗುರುವಿಗೆ ಬೇಕಾದಷ್ಟನ್ನೇ ಒಯ್ದ, ಉಳಿದದ್ದು ಊರವರ ಪಾಲಾಯಿತು. ನಾವು ಎಲೆ ಹಂಚುವುದು ಆ ನೆನಪಿಗೆ.

ಕತೆಯ ತಿರುಳು ಹದಿನಾಲ್ಕು ಕೋಟಿಯಲ್ಲಿಲ್ಲ, ಮೊದಲ ಉತ್ತರದಲ್ಲಿದೆ. ಗುರು ಏನನ್ನೂ ಬೇಡಲಿಲ್ಲ. ಬೆಲೆ ಕಟ್ಟಲು ಹೋದ ಮೇಲೆಯೇ ದಕ್ಷಿಣೆ ದುಬಾರಿಯಾಯಿತು.

ಅಯ್ಯಗಳ ಕಾಲ, ಸಂಬಳದ ಕಾಲ

ಹಿಂದೆ ಕೂಲಿಮಠಗಳಲ್ಲಿ ಅಕ್ಷರ ತಿದ್ದಿಸುತ್ತಿದ್ದ ಅಯ್ಯಗಳಿಗೆ ತಿಂಗಳ ಸಂಬಳವೆಂಬುದು ಇರಲಿಲ್ಲ. ಊರವರು ಕೊಡುವ ಕಾಳುಕಡಿಯಲ್ಲೇ ಸಂಸಾರ ಸಾಗಬೇಕಿತ್ತು. ಮಹಾನವಮಿ ಬಂದಾಗ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುವ ರೂಢಿ ನಾಡಿನ ಹಲವು ಕಡೆ ಇತ್ತು. ಮನೆಯವರು ಕೊಟ್ಟ ಹಣ, ಧಾನ್ಯ, ಬಟ್ಟೆ ಅಯ್ಯಗಳಿಗೆ ಸಲ್ಲುತ್ತಿತ್ತು. ಅಲ್ಲಿ ಉಡುಗೊರೆ ಎಂದರೆ ಕೂಲಿಯೇ.

ಈಗ ಸರ್ಕಾರಿ ಶಿಕ್ಷಕರಿಗೆ ಸಂಬಳ ಉಂಟು. ಆದ್ದರಿಂದ ಕಾಣಿಕೆಯ ಮೇಲೆ ಹೊಟ್ಟೆಯ ಭಾರವಿಲ್ಲ. ಅದು ಬರಿಯ ಕೃತಜ್ಞತೆಯಾಗಿ ಉಳಿದಿದೆ. ಕೃತಜ್ಞತೆ ಚಿಕ್ಕದಾಗಿದ್ದರೂ ನಡೆಯುತ್ತದೆ.

ಅಂಕ ಕೊಡುವ ಕೈ

ಇಲ್ಲೊಂದು ಸೂಕ್ಷ್ಮವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳ 100 ಅಂಕಗಳಲ್ಲಿ 20 ಅಂಕ ಶಾಲೆಯಲ್ಲೇ ನಿರ್ಧಾರವಾಗುವ ಆಂತರಿಕ ಅಂಕ. ಪರೀಕ್ಷೆಯ ಮುಂಚೆ ಒಬ್ಬ ಸಿರಿವಂತ ಪಾಲಕ ಶಿಕ್ಷಕರ ಮನೆಗೆ ಬೆಲೆಬಾಳುವ ವಸ್ತು ಕಳಿಸಿದರೆ, ಶಿಕ್ಷಕರ ಮನಸ್ಸು ಎಷ್ಟೇ ಶುದ್ಧವಾಗಿರಲಿ, ನೋಡುವ ಉಳಿದ ಮಕ್ಕಳ ಮನಸ್ಸಿನಲ್ಲಿ ಅನುಮಾನ ಮೂಡದೆ ಇರದು. ಸರ್ಕಾರಿ ನೌಕರರು ಉಡುಗೊರೆ ಪಡೆಯುವುದಕ್ಕೆ ರಾಜ್ಯದ 2021ರ ನಡತೆ ನಿಯಮಗಳು ಮಿತಿ ಹಾಕಿರುವುದೂ ಇದಕ್ಕೇ.

ದಕ್ಷಿಣ ಕೊರಿಯಾ ಇನ್ನೂ ಕಟ್ಟುನಿಟ್ಟು. ಅಲ್ಲಿ ಮೇ 15 ಶಿಕ್ಷಕರ ದಿನ. ಆ ದಿನ ಕಾರ್ನೇಶನ್ ಹೂ ಕೊಡುವುದು ವಾಡಿಕೆ. 2016ರಲ್ಲಿ ಲಂಚ ತಡೆ ಕಾನೂನು ಜಾರಿಗೆ ಬಂದ ಮೇಲೆ, ಪಾಠ ಹೇಳುವ ಶಿಕ್ಷಕರಿಗೆ ವಿದ್ಯಾರ್ಥಿ ತಾನೊಬ್ಬನೇ ಒಂದು ಹೂ ಕೊಡುವುದೂ ನಿಷಿದ್ಧವಾಯಿತು. ವಿದ್ಯಾರ್ಥಿಗಳ ಪ್ರತಿನಿಧಿ ಎಲ್ಲರ ಎದುರಿಗೆ ಕೊಡಬಹುದು, ಅಷ್ಟೆ. ನಮಗೆ ಅಷ್ಟು ಬಿಗಿ ಬೇಡವಾದರೂ ಅದರ ನೀತಿ ಬೇಕು: ಕೊಡುವುದಾದರೆ ಎಲ್ಲರೂ ಸೇರಿ, ಎಲ್ಲರ ಎದುರಿಗೆ.

ಎಲ್ಲರೂ ಸೇರುವುದು ಎಂದಾಗ ಇನ್ನೊಂದು ಪ್ರಶ್ನೆ. ತಲೆಗೆ ಇನ್ನೂರು ರೂಪಾಯಿ ಎಂದು ವರ್ಗದ ಮುಂದಾಳು ಹುಡುಗರು ಠರಾವು ಮಾಡಿಬಿಡುತ್ತಾರೆ. ಕಬ್ಬು ಕಡಿಯಲು ಹೋಗುವವರ ಮನೆಗೆ ಅದು ಅರ್ಧ ದಿನದ ದುಡಿಮೆ. ಕೊಡಲಾಗದ ಮಗು ಬಾಯಿಬಿಟ್ಟು ಹೇಳುವುದಿಲ್ಲ. ಸಮಾರಂಭದ ದಿನ ಜ್ವರ ಬಂತೆಂದು ಮನೆಯಲ್ಲಿ ಉಳಿದುಬಿಡುತ್ತದೆ. ಗ್ರೂಪ್ ಫೋಟೊದಲ್ಲಿ ಆ ಮಗು ಇರುವುದಿಲ್ಲ. ಒಂದು ಮಗುವನ್ನು ಮನೆಯಲ್ಲಿ ಕೂರಿಸಿ ತಂದ ಶಾಲು ಯಾವ ಗುರುವಿಗೆ ಬೆಚ್ಚಗಾದೀತು? ಅದಕ್ಕೆ ಒಂದು ಸುಲಭ ಉಪಾಯ: ಡಬ್ಬಿಯೊಂದನ್ನು ಇಟ್ಟು, ಹಾಕಿದವರ ಯಾದಿ ಬರೆಯದೆ, ಕೂಡಿದಷ್ಟರಲ್ಲಿ ಮುಗಿಸುವುದು. ಮೂವತ್ತು ಮಕ್ಕಳಿಂದ ಸರಾಸರಿ 20 ರೂಪಾಯಿ ಕೂಡಿದರೂ 600 ಆಯಿತು.

ಏನು ಕೊಡಬಹುದು?

ಎಲ್ಲಕ್ಕಿಂತ ಮೊದಲು ಪತ್ರ. ಪ್ರತಿ ಮಗುವೂ ಒಂದು ಹಾಳೆಯಲ್ಲಿ, ಗುರುಗಳು ಕಲಿಸಿದ ಒಂದೇ ಒಂದು ಸಂಗತಿಯನ್ನು ಬರೆಯಲಿ. ಹೊಗಳಿಕೆ ಬೇಡ. ಭಿನ್ನರಾಶಿ ತಿಳಿದದ್ದು ರೊಟ್ಟಿ ಹರಿದು ತೋರಿಸಿದ ದಿನ, ಎಂಬಂಥ ಒಂದು ಸಾಲು ಸಾಕು. ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿದರೆ ಅದು ಅಟ್ಟ ಏರುವುದಿಲ್ಲ.

ತಿನಿಸು ಕೊಡುವುದಾದರೆ ಗೋಕಾಕದ ಕರದಂಟು ಇದ್ದೇ ಇದೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿದ ಈ ಸಿಹಿಯಲ್ಲಿ ನೀರಿನ ಅಂಶ ಕಡಿಮೆ, ಬೇಗ ಕೆಡುವುದಿಲ್ಲ. ಸಕ್ಕರೆ ಕಾಯಿಲೆಯ ಗುರುಗಳಿಗೆ ಮಾತ್ರ ಬೇರೇನಾದರೂ ನೋಡಬೇಕು.

ಗೋಕಾಕ ಬಣ್ಣದ ಆಟಿಕೆ, ಹಣ್ಣುಕಾಯಿಗಳ ಮಾದರಿಗಳಿಗೂ ಹೆಸರಾದ ಊರು. ನಲಿ-ಕಲಿ ತರಗತಿಯ ಅಕ್ಕಾವರಿಗೆ ಅಂಥದ್ದೊಂದು ಬುಟ್ಟಿ ಕೊಟ್ಟರೆ ಅದು ಪಾಠೋಪಕರಣವೂ ಆಗುತ್ತದೆ. ಬಟ್ಟೆಯೇ ಬೇಕೆಂದರೆ ಬೆಳಗಾವಿ ತಾಲೂಕಿನ ಹುದಲಿಯ ಖಾದಿ ಇದೆ. 1937ರಲ್ಲಿ ಗಾಂಧೀಜಿ ಬಂದು ಉಳಿದಿದ್ದ ಊರು ಅದು. ಪುಸ್ತಕವಾದರೆ ಈ ಸೀಮೆಯವರದೇ ಆಗಲಿ: ಬೆಟಗೇರಿಯ ಆನಂದಕಂದರು, ಮಲಾಮರಡಿಯ ಬಸವರಾಜ ಕಟ್ಟೀಮನಿ, ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರ.

ಸಸಿ ಕೊಡುವ ಪದ್ಧತಿ ಈಗ ಬೆಳೆದಿದೆ, ಒಳ್ಳೆಯದೇ. ಆದರೆ ಮಾರ್ಚಿನಲ್ಲಿ ನೆಟ್ಟ ಸಸಿ ಬೇಸಿಗೆ ರಜೆಯಲ್ಲಿ ನೀರು ಕಾಣದೆ ಒಣಗುತ್ತದೆ. ಮುಂಗಾರು ಹಿಡಿದ ಮೇಲೆ, ಫಲಿತಾಂಶವೂ ಬಂದ ಮೇಲೆ, ಹಳೆಯ ವಿದ್ಯಾರ್ಥಿಗಳಾಗಿ ಬಂದು ನೆಟ್ಟರೆ ಗಿಡವೂ ಉಳಿಯುತ್ತದೆ, ನಂಟೂ ಉಳಿಯುತ್ತದೆ.

ಮರೆತುಹೋಗುವವರು

ವೇದಿಕೆಯ ಮೇಲೆ ಕುರ್ಚಿ ಸಿಗದ ಕೆಲವರಿದ್ದಾರೆ. ಬಿಸಿಯೂಟ ಬೇಯಿಸಿದ ತಾಯಂದಿರು, ಮೊದಲ ಬಾರಿ ಅ ಆ ಹೇಳಿಕೊಟ್ಟ ಅಂಗನವಾಡಿಯ ಅಕ್ಕಾವರು, ಗಂಟೆ ಬಾರಿಸುವ ಸಿಪಾಯಿ. ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಬೇರೆ. ವರ್ಷದ ಕೊನೆಗೆ ಅವರ ಕೆಲಸವೂ ಮುಗಿಯುತ್ತದೆ. ಜೂನ್‌ನಲ್ಲಿ ಇದೇ ಶಾಲೆಗೆ ಮರಳುವ ಭರವಸೆ ಇಲ್ಲ. ಬೀಳ್ಕೊಡುಗೆ ನಿಜವಾಗಿ ಅವರದು. ಒಂದು ಪತ್ರ ಅವರ ಕೈಗೂ ಸೇರಲಿ.

ಕೊಡುವುದಕ್ಕೆ ಮತ್ತೊಂದು ಮುಹೂರ್ತವೂ ಇದೆ. ಅಂಕ ಬಂದಾಗಿದೆ, ಕಾಲೇಜು ಸೇರಿ ಆಗಿದೆ, ಗುರುಗಳಿಂದ ಇನ್ನು ಆಗಬೇಕಾದ್ದು ಏನೂ ಉಳಿದಿಲ್ಲ. ಆಗ ದಸರೆಯ ಸಂಜೆ ಅವರ ಮನೆಯ ಬಾಗಿಲಿಗೆ ಹೋಗಿ, ನಾಲ್ಕು ಬನ್ನಿಯ ಎಲೆ ಕೈಗಿಟ್ಟು ಕಾಲು ಮುಟ್ಟಿದ ಶಿಷ್ಯನ ಕಾಣಿಕೆಗೆ ವರತಂತು ಕೂಡ ಬೇಡವೆನ್ನಲಾರ.