ಪ್ರೌಢಶಾಲಾ ವಿದ್ಯಾರ್ಥಿಗಳ ಬರವಣಿಗೆ: ಗುಣಮಟ್ಟವನ್ನು ಅಳೆಯುವ ಬಗೆ

ಹತ್ತನೆಯ ತರಗತಿಯನ್ನು ಮುಗಿಸುವ ವೇಳೆಗೆ ವಿದ್ಯಾರ್ಥಿಯು ತಾನು ಕಂಡದ್ದನ್ನು, ತಿಳಿದದ್ದನ್ನು ಹಾಗೂ ಯೋಚಿಸಿದ್ದನ್ನು ಇನ್ನೊಬ್ಬರಿಗೆ ಮನದಟ್ಟಾಗುವಂತೆ ಬರೆಯಲು ಶಕ್ತನಾಗಬೇಕು ಎಂಬುದು ಭಾಷಾಶಿಕ್ಷಣದ ಮುಖ್ಯ ಗುರಿಗಳಲ್ಲೊಂದು. ಕನ್ನಡವನ್ನು ಮೊದಲನೆಯ ಭಾಷೆಯಾಗಿ ಕಲಿಯುವವರಿಗೂ ಮುಂಬಯಿ, ಚೆನ್ನೈ, ದೆಹಲಿಯಂತಹ ನಗರಗಳಲ್ಲಿದ್ದು ಅದನ್ನು ವಾರಕ್ಕೆ ಕೆಲವೇ ಗಂಟೆಗಳ ಕಾಲ ಓದುವವರಿಗೂ ಈ ಗುರಿ ಒಂದೇ. ಇದು ಎಷ್ಟರ ಮಟ್ಟಿಗೆ ಈಡೇರಿದೆ ಎಂಬುದನ್ನು ತಿಳಿಯಲು ನಾವು ಪ್ರಬಂಧ, ಪತ್ರಲೇಖನ, ವರದಿ ಮುಂತಾದ ಪ್ರಶ್ನೆಗಳನ್ನು ಕೇಳಿ, ಉತ್ತರಗಳಿಗೆ ಅಂಕಗಳನ್ನು ನೀಡುತ್ತೇವೆ.

ಗಣಿತದ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಸುಲಭ. ಪ್ರಬಂಧಕ್ಕೆ 20ರಲ್ಲಿ 11 ಅಂಕವೇ, 14 ಅಂಕವೇ ಎಂಬುದನ್ನು ತೀರ್ಮಾನಿಸುವುದು ಅಷ್ಟು ಸುಲಭವಲ್ಲ. ಯಾವುದಕ್ಕೆ ಅಂಕ ದೊರೆಯುವುದೋ ಅದನ್ನೇ ಮಕ್ಕಳು ಕಲಿಯುತ್ತಾರೆ. ಆದ್ದರಿಂದ ಬರವಣಿಗೆಯನ್ನು ಅಳೆಯುವ ಕ್ರಮವು ತಪ್ಪಿದರೆ ಬರವಣಿಗೆಯೇ ದಾರಿ ತಪ್ಪುತ್ತದೆ. ಈ ಕಾರಣದಿಂದ ಮೌಲ್ಯಮಾಪನದ ರೀತಿಯನ್ನು ಪೋಷಕರೂ ಸಾರ್ವಜನಿಕರೂ ಅರಿತಿರುವುದು ಒಳ್ಳೆಯದು.

ಒಂದೇ ಬರಹ, ಹಲವು ಅಂಕಗಳು

ಒಂದೇ ಉತ್ತರ ಪತ್ರಿಕೆಗೆ ಬೇರೆ ಬೇರೆ ಪರೀಕ್ಷಕರು ಬೇರೆ ಬೇರೆ ಅಂಕಗಳನ್ನು ನೀಡುತ್ತಾರೆಂಬ ಸಂಶಯ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬವರು 1912ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಪ್ರೌಢಶಾಲಾ ವಿದ್ಯಾರ್ಥಿಗಳ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು 142 ಮಂದಿ ಶಿಕ್ಷಕರು ತಿದ್ದಿದಾಗ, ನೂರು ಅಂಕಗಳ ಅಳತೆಯಲ್ಲಿ ಒಂದೇ ಪತ್ರಿಕೆಗೆ ದೊರೆತ ಕನಿಷ್ಠ ಮತ್ತು ಗರಿಷ್ಠ ಅಂಕಗಳ ನಡುವೆ 40ಕ್ಕೂ ಹೆಚ್ಚಿನ ಅಂತರ ಕಂಡುಬಂದಿತು.

ಭಾರತಕ್ಕೆ ಪರಿಚಿತರಾದ ಫಿಲಿಪ್ ಹಾರ್ಟಾಗ್ ಅವರು ಈ ಪ್ರಶ್ನೆಯನ್ನು ಇನ್ನಷ್ಟು ಆಳವಾಗಿ ಶೋಧಿಸಿದರು. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದ ಇವರ ಅಧ್ಯಕ್ಷತೆಯ ಸಮಿತಿಯು 1929ರಲ್ಲಿ ನಮ್ಮ ದೇಶದ ಶಿಕ್ಷಣವನ್ನು ಕುರಿತು ವರದಿಯನ್ನು ಸಲ್ಲಿಸಿತ್ತು. ಮುಂದೆ ಇಂಗ್ಲೆಂಡಿನಲ್ಲಿ ಇ. ಸಿ. ರೋಡ್ಸ್ ಅವರೊಡನೆ ನಡೆಸಿದ ಅಧ್ಯಯನವನ್ನು ಹಾರ್ಟಾಗ್ 1935ರಲ್ಲಿ ಪ್ರಕಟಿಸಿದರು. ಅದರಲ್ಲಿ, ಮೊದಲು ಒಂದೇ ಸಮನಾದ ಅಂಕಗಳನ್ನು ಪಡೆದಿದ್ದ ಶಾಲಾ ಪರೀಕ್ಷೆಯ 15 ಇತಿಹಾಸ ಪತ್ರಿಕೆಗಳನ್ನು 15 ಮಂದಿ ಪರೀಕ್ಷಕರಿಗೆ ಕೊಡಲಾಯಿತು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 14 ಮಂದಿ ಅವೇ ಪತ್ರಿಕೆಗಳನ್ನು ಮತ್ತೊಮ್ಮೆ ತಿದ್ದಿದರು. ಹೀಗೆ ಹೋಲಿಸಲಾದ 210 ತೀರ್ಪುಗಳ ಪೈಕಿ 92ರಲ್ಲಿ ಅದೇ ಪರೀಕ್ಷಕರೇ ತಮ್ಮ ಮೊದಲಿನ ತೀರ್ಪಿಗಿಂತ ಭಿನ್ನವಾದ ತೀರ್ಪನ್ನು ನೀಡಿದ್ದರು. ಇಬ್ಬರು ಪರೀಕ್ಷಕರ ನಡುವಣ ವ್ಯತ್ಯಾಸವಂತಿರಲಿ, ಒಬ್ಬರೇ ಪರೀಕ್ಷಕರ ಇಂದಿನ ಮತ್ತು ನಾಳಿನ ತೀರ್ಪುಗಳೂ ಹೊಂದುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಇದಕ್ಕೆ ಪರೀಕ್ಷಕರ ಅಸಡ್ಡೆಯೇ ಕಾರಣವೆಂದು ಭಾವಿಸಬೇಕಾಗಿಲ್ಲ. ಪಾಲ್ ಡೀಡರಿಕ್ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವಿಧ ವೃತ್ತಿಗಳಿಗೆ ಸೇರಿದ 53 ಮಂದಿ ಓದುಗರು ಆಗತಾನೇ ಕಾಲೇಜು ಸೇರಿದ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿದರು. ನೂರಕ್ಕೆ 94ರಷ್ಟು ಪ್ರಬಂಧಗಳು ಏಳು, ಎಂಟು ಅಥವಾ ಒಂಬತ್ತು ಬೇರೆ ಬೇರೆ ದರ್ಜೆಗಳನ್ನು ಪಡೆದವು. ಓದುಗರ ಟಿಪ್ಪಣಿಗಳನ್ನು ಪರಿಶೀಲಿಸಿದಾಗ ಕಾರಣ ತಿಳಿದುಬಂದಿತು. ಕೆಲವರು ವಿಚಾರಗಳಿಗೆ ಬೆಲೆ ಕೊಟ್ಟಿದ್ದರು. ಕೆಲವರು ಜೋಡಣೆಗೆ, ಕೆಲವರು ಶೈಲಿಗೆ, ಕೆಲವರು ಪದಬಳಕೆಗೆ, ಮತ್ತೆ ಕೆಲವರು ವ್ಯಾಕರಣ ಹಾಗೂ ಕಾಗುಣಿತಕ್ಕೆ. ಎಲ್ಲರೂ ಶ್ರದ್ಧೆಯಿಂದಲೇ ಓದಿದ್ದರು. ಆದರೆ ಅವರು ಅಳೆಯುತ್ತಿದ್ದ ವಸ್ತು ಬೇರೆ ಬೇರೆಯಾಗಿತ್ತು.

ಇವುಗಳೊಂದಿಗೆ ಇತರ ಪ್ರಭಾವಗಳೂ ಸೇರಿಕೊಳ್ಳುತ್ತವೆ. ದುಂಡಾದ ಕೈಬರಹವು ಪರೀಕ್ಷಕರ ಮನಸ್ಸನ್ನು ಒಲಿಸುತ್ತದೆ. ಮೊದಲ ಪುಟ ಚೆನ್ನಾಗಿದ್ದರೆ ಉಳಿದ ಪುಟಗಳೂ ಚೆನ್ನಾಗಿ ತೋರುತ್ತವೆ. ತೀರಾ ದುರ್ಬಲವಾದ ಪತ್ರಿಕೆಯ ಅನಂತರ ಬರುವ ಸಾಧಾರಣ ಪತ್ರಿಕೆ ಉತ್ತಮವೆನಿಸುತ್ತದೆ.

ಎರಡು ಮಾದರಿಗಳು

ವಿಷಯವನ್ನು ಸ್ಪಷ್ಟಪಡಿಸಲು 'ನೀರಿನ ಮಿತಬಳಕೆ' ಎಂಬ ವಿಷಯದ ಮೇಲೆ ಈ ಲೇಖನಕ್ಕಾಗಿಯೇ ರಚಿಸಿದ ಎರಡು ಮಾದರಿಗಳನ್ನು ನೋಡೋಣ.

ಮೊದಲನೆಯದು: "ನೀರು ಮಾನವನ ಜೀವನದಲ್ಲಿ ಅತ್ಯಂತ ಮಹತ್ವದ ಸ್ಥಾನವನ್ನು ಪಡೆದಿದೆ. ನೀರಿಲ್ಲದೆ ಜೀವನವಿಲ್ಲ. ಆದ್ದರಿಂದ ನೀರನ್ನು ಮಿತವಾಗಿ ಬಳಸುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ. ನಾವೆಲ್ಲರೂ ನೀರನ್ನು ಉಳಿಸಿ ದೇಶದ ಪ್ರಗತಿಗಾಗಿ ಶ್ರಮಿಸೋಣ."

ಎರಡನೆಯದು: "ನಮ್ಮ ಚಾಳಿನಲ್ಲಿ ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು ಬರುತ್ತದೆ. ಅಮ್ಮ ಅಕ್ಕಿ ತೊಳೆದ ನೀರನ್ನು ತುಳಸಿ ಗಿಡಕ್ಕೆ ಹಾಕುತ್ತಾರೆ. ಆದರೆ ಮೇಲಿನ ಟಾಕಿ ತುಂಬಿ ಅರ್ದ ಗಂಟೆ ನೀರು ಚರಂಡಿಗೆ ಹೋಗುತ್ತದೆ, ಯಾರು ನೊಡುವುದಿಲ್ಲ. ಒಂದು ಮನೆಯವರು ದಿನವೆಲ್ಲ ಉಳಿಸಿದ್ದು ಅಲ್ಲಿ ಹಾಳಾಗುತ್ತದೆ. ಅದಕ್ಕೆ ಟಾಕಿ ನೋಡಿಕೊಳ್ಳಲು ಮನೆಗೊಂದು ಪಾಳಿ ಹಾಕಬೇಕು ಅಂತ ನನಗೆ ಅನಿಸುತ್ತದೆ."

ಮೊದಲನೆಯ ಮಾದರಿಯಲ್ಲಿ ಕಾಗುಣಿತದ ತಪ್ಪುಗಳಿಲ್ಲ. ಆದರೆ 'ನೀರು' ಎಂಬ ಪದದ ಸ್ಥಳದಲ್ಲಿ 'ವಿದ್ಯುತ್ತು' ಎಂದು ಬರೆದರೂ ಬರಹ ಹಾಗೆಯೇ ನಿಲ್ಲುತ್ತದೆ; ಬರೆದವರು ನೀರಿನ ಬಗ್ಗೆ ಯೋಚಿಸಿದ್ದಾರೆಂಬುದಕ್ಕೆ ಅದರಲ್ಲಿ ಯಾವ ಗುರುತೂ ಇಲ್ಲ. ಎರಡನೆಯದರಲ್ಲಿ 'ಅರ್ಧ' ಎಂಬುದು ಅಲ್ಪಪ್ರಾಣವಾಗಿದೆ, 'ನೋಡುವುದಿಲ್ಲ' ಎಂಬಲ್ಲಿ ದೀರ್ಘ ತಪ್ಪಿದೆ, 'ಯಾರೂ' ಎಂದಿರಬೇಕಾದುದು 'ಯಾರು' ಎಂದಾಗಿದೆ, 'ಅಂತ' ಎಂಬ ಆಡುಮಾತು ನುಸುಳಿದೆ. ಆದರೆ ಇಲ್ಲಿ ಕಣ್ಣಾರೆ ಕಂಡ ಸಂಗತಿಯಿದೆ, ಉಳಿತಾಯವನ್ನೂ ಪೋಲನ್ನೂ ಎದುರುಬದುರು ಇರಿಸಿ ನೋಡುವ ವಿವೇಚನೆಯಿದೆ, ಕಾರ್ಯಸಾಧ್ಯವಾದ ಸಲಹೆಯೂ ಇದೆ. 'ಟಾಕಿ' ಎಂಬುದು ಸುತ್ತಲಿನ ಮರಾಠಿಯಿಂದ ಬಂದ ಮಾತು. ಅದನ್ನು ಅಜ್ಞಾನವೆಂದು ಎಣಿಸದೆ, ಬರಹದಲ್ಲಿ 'ತೊಟ್ಟಿ' ಎಂಬ ಪದವೂ ಇದೆಯೆಂದು ತಿಳಿಸಿದರೆ ಸಾಕು.

ಕಾಗುಣಿತವನ್ನೇ ಪ್ರಧಾನವಾಗಿ ನೋಡುವ ಪರೀಕ್ಷಕರು ಮೊದಲನೆಯದಕ್ಕೆ 15, ಎರಡನೆಯದಕ್ಕೆ 9 ಅಂಕಗಳನ್ನು ಕೊಡಬಹುದು. ವಿಚಾರವನ್ನು ನೋಡುವವರು ಇದನ್ನು ತಿರುವುಮುರುವು ಮಾಡಬಹುದು. ಹೀಗಾದಾಗ ವಿದ್ಯಾರ್ಥಿಯ ಭವಿಷ್ಯವು ಪತ್ರಿಕೆ ಯಾರ ಮೇಜಿನ ಮೇಲೆ ಬಿದ್ದಿತು ಎಂಬುದನ್ನು ಅವಲಂಬಿಸುತ್ತದೆ.

ಅಂಶಗಳನ್ನು ಮೊದಲೇ ಗೊತ್ತುಪಡಿಸುವುದು

ಈ ತೊಂದರೆಗೆ ಮೊದಲ ಪರಿಹಾರವೆಂದರೆ, ಯಾವ ಅಂಶಕ್ಕೆ ಎಷ್ಟು ಅಂಕಗಳೆಂಬುದನ್ನು ಪತ್ರಿಕೆಗಳನ್ನು ತಿದ್ದುವುದಕ್ಕೆ ಮುಂಚೆಯೇ ನಿರ್ಧರಿಸಿ, ಅದನ್ನು ವಿದ್ಯಾರ್ಥಿಗಳಿಗೂ ತಿಳಿಸುವುದು. ಉದಾಹರಣೆಗೆ, 20 ಅಂಕಗಳ ಪ್ರಬಂಧದಲ್ಲಿ ಹೀಗೆ ಹಂಚಬಹುದು:

ವಿಷಯ ಮತ್ತು ವಿಚಾರ – 7
ಜೋಡಣೆ ಮತ್ತು ವಾಕ್ಯವೃಂದಗಳ ಕ್ರಮ – 5
ವಾಕ್ಯರಚನೆ ಮತ್ತು ಪದಬಳಕೆ – 4
ಕಾಗುಣಿತ ಮತ್ತು ಲೇಖನ ಚಿಹ್ನೆಗಳು – 4

ಈ ಕ್ರಮವನ್ನು ಅನುಸರಿಸಿದರೆ ಮೇಲಿನ ಮೊದಲನೆಯ ಬರಹವು ಅನುಕ್ರಮವಾಗಿ 2, 3, 3, 4ರಂತೆ 12 ಅಂಕಗಳನ್ನೂ, ಎರಡನೆಯದು 6, 4, 3, 2ರಂತೆ 15 ಅಂಕಗಳನ್ನೂ ಪಡೆಯಬಹುದು. ಒಬ್ಬ ಪರೀಕ್ಷಕರು ಒಂದಂಕ ಹೆಚ್ಚು, ಇನ್ನೊಬ್ಬರು ಒಂದಂಕ ಕಡಿಮೆ ಕೊಟ್ಟಾರು. ಆದರೆ ಹಿಂದಿನಂತಹ ದೊಡ್ಡ ಅಂತರಕ್ಕೆ ಅವಕಾಶ ಕಡಿಮೆ. ಇದಕ್ಕಿಂತ ಮುಖ್ಯವಾದ ಪ್ರಯೋಜನ ಇನ್ನೊಂದಿದೆ. ಮೊದಲನೆಯ ವಿದ್ಯಾರ್ಥಿಗೆ ತನ್ನಲ್ಲಿ ವಿಷಯದ ಕೊರತೆಯಿದೆಯೆಂದೂ, ಎರಡನೆಯ ವಿದ್ಯಾರ್ಥಿಗೆ ಮಹಾಪ್ರಾಣ ಹಾಗೂ ದೀರ್ಘಗಳನ್ನು ಅಭ್ಯಾಸ ಮಾಡಬೇಕೆಂದೂ ತಿಳಿಯುತ್ತದೆ.

ಕಾಗುಣಿತದ ತಪ್ಪುಗಳನ್ನು ಎಣಿಸುವಲ್ಲಿಯೂ ವಿವೇಚನೆ ಅಗತ್ಯ. ಒಂದೇ ಪದವನ್ನು ಐದು ಬಾರಿ ತಪ್ಪಾಗಿ ಬರೆದಿದ್ದರೆ ಅದು ಒಂದೇ ತಪ್ಪು. ಮಾತಿನಲ್ಲಿ ಅಕಾರ ಹಕಾರಗಳು ಒಂದರ ಸ್ಥಳದಲ್ಲಿ ಇನ್ನೊಂದು ಬರುವ ಪ್ರದೇಶದ ಮಗು 'ಹಸು' ಎಂಬುದನ್ನು 'ಅಸು' ಎಂದು ಬರೆದರೆ ಅದು ಉಚ್ಚಾರಣೆಯಿಂದ ಬಂದ ತಪ್ಪು. ಒತ್ತಕ್ಷರ ಬಿಟ್ಟುಹೋಗಿರುವುದು ಅವಸರದ ತಪ್ಪಿರಬಹುದು. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಅದು ವಾಕ್ಯದ ತಿಳಿವಳಿಕೆಗೆ ಸಂಬಂಧಿಸಿದುದು. ಕಾರಣ ಬೇರೆಯಾದಂತೆ ತಿದ್ದುವ ಬಗೆಯೂ ಬೇರೆಯಾಗಬೇಕು.

ಎರಡನೆಯ ಪರಿಹಾರ ಮಾದರಿಗಳ ಸಂಗ್ರಹ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಶಿಕ್ಷಕರ ಕಾಲೇಜಿನಲ್ಲಿ ಮೈಲೋ ಹಿಲೆಗಾಸ್ ಎಂಬವರು 1912ರಲ್ಲಿಯೇ ಎಳೆಯರ ಬರವಣಿಗೆಗಾಗಿ ಒಂದು ಮಾಪಕವನ್ನು ರಚಿಸಿದ್ದರು. ಅದರಲ್ಲಿ ಬರಹದ ಮಾದರಿಗಳನ್ನು ಗುಣದ ಏರಿಕೆಯ ಕ್ರಮದಲ್ಲಿ ಜೋಡಿಸಲಾಗಿತ್ತು. ಶಿಕ್ಷಕರು ಕೈಯಲ್ಲಿರುವ ಬರಹವು ಯಾವ ಮಾದರಿಗೆ ಹತ್ತಿರವಾಗಿದೆ ಎಂದು ನೋಡಿದರೆ ಸಾಕಾಗಿತ್ತು. ನಮ್ಮ ಶಾಲೆಗಳ ಕನ್ನಡ ಶಿಕ್ಷಕರು ಒಂದೆಡೆ ಕುಳಿತು ಉತ್ತಮ, ಸಾಧಾರಣ ಹಾಗೂ ದುರ್ಬಲ ಬರಹಗಳನ್ನು ಆಯ್ದು, ಹೆಸರುಗಳನ್ನು ಮರೆಮಾಡಿ, ಇಂತಹ ಮಾದರಿಗಳನ್ನು ಸಿದ್ಧಪಡಿಸಿಕೊಳ್ಳಲು ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ.

ಒಂದೇ ಪ್ರಬಂಧ ಸಾಲದು

ಎಷ್ಟೇ ಎಚ್ಚರಿಕೆ ವಹಿಸಿದರೂ ಒಂದು ದಿನ ಬರೆದ ಒಂದು ಪ್ರಬಂಧದಿಂದ ವಿದ್ಯಾರ್ಥಿಯ ಶಕ್ತಿಯನ್ನು ನಿರ್ಣಯಿಸುವುದು ಕಷ್ಟ. ಫ್ರೆಡ್ ಗಾಡ್‌ಶಾಕ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 646 ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳು ತಲಾ ಐದು ವಿಷಯಗಳ ಮೇಲೆ ಬರೆದರು. ಪ್ರತಿಯೊಂದು ಬರಹವನ್ನೂ ಐವರು ಓದಿದರು. ಬರಹಗಳ ಸಂಖ್ಯೆಯೂ ಓದುವವರ ಸಂಖ್ಯೆಯೂ ಹೆಚ್ಚಿದಂತೆ ಅಂಕಗಳ ವಿಶ್ವಾಸಾರ್ಹತೆ ಹೆಚ್ಚುತ್ತದೆಂಬುದು ಅವರು ಕಂಡುಕೊಂಡ ಫಲಿತಾಂಶ. ಕ್ರಿಕೆಟ್ ನೋಡಬಲ್ಲ ವಿದ್ಯಾರ್ಥಿ ಪಂದ್ಯದ ವರ್ಣನೆಯನ್ನು ಸೊಗಸಾಗಿ ಬರೆದು, ಗ್ರಂಥಾಲಯದ ಮಹತ್ವವನ್ನು ಕುರಿತು ಬರೆಯುವಾಗ ತಡವರಿಸುವುದು ಸಹಜ.

ನಮ್ಮ ದೇಶದಲ್ಲಿಯೂ ಈ ದಿಕ್ಕಿನ ಚಿಂತನೆ ಬಹುಕಾಲದಿಂದ ನಡೆದಿದೆ. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವು (1952–53) ಪ್ರಬಂಧರೂಪದ ಪರೀಕ್ಷೆಗಳಲ್ಲಿ ಪರೀಕ್ಷಕರ ವೈಯಕ್ತಿಕ ಒಲವಿನ ಪ್ರಭಾವವನ್ನು ತಗ್ಗಿಸಬೇಕೆಂದೂ, ಶಾಲೆಯಲ್ಲಿ ವರ್ಷವಿಡೀ ನಡೆದ ಕೆಲಸಕ್ಕೆ ಬೆಲೆ ಕೊಡಬೇಕೆಂದೂ ಸಲಹೆ ಮಾಡಿತು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2009ರಲ್ಲಿ ನಿರಂತರ ಹಾಗೂ ಸಮಗ್ರ ಮೌಲ್ಯಮಾಪನವನ್ನು ಜಾರಿಗೆ ತಂದು, 2017ರಲ್ಲಿ ಅದನ್ನು ಕೈಬಿಟ್ಟಿತು. ಹತ್ತನೆಯ ತರಗತಿಯಲ್ಲಿ 80 ಅಂಕಗಳ ವಾರ್ಷಿಕ ಪರೀಕ್ಷೆಯ ಜೊತೆಗೆ 20 ಅಂಕಗಳ ಆಂತರಿಕ ಮೌಲ್ಯಮಾಪನವನ್ನು ನಿಗದಿಪಡಿಸಿ, 2019–20ರ ಶೈಕ್ಷಣಿಕ ವರ್ಷದಿಂದ ಅದರಲ್ಲಿ ವಿದ್ಯಾರ್ಥಿಯ ಕೆಲಸದ ಸಂಗ್ರಹಕ್ಕೂ ಐದು ಅಂಕಗಳನ್ನು ಮೀಸಲಿರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠದ ಪರೀಕ್ಷೆಯಿಂದ ವಿಶ್ಲೇಷಣೆ ಹಾಗೂ ಚಿಂತನೆಯನ್ನು ಅಳೆಯುವ ಪರೀಕ್ಷೆಯ ಕಡೆಗೆ ಸಾಗಬೇಕೆಂದು ಹೇಳಿದೆ.

ಬರಹಗಳ ಸಂಗ್ರಹವನ್ನು ಚೊಕ್ಕ ಪ್ರತಿಗಳನ್ನು ಕೂಡಿಡುವ ಕಡತವನ್ನಾಗಿ ಮಾಡಬಾರದು. ಮೊದಲ ಕರಡು, ಶಿಕ್ಷಕರ ಟಿಪ್ಪಣಿ ಹಾಗೂ ತಿದ್ದಿ ಬರೆದ ಪ್ರತಿ ಒಟ್ಟಿಗಿದ್ದರೆ ಮಾತ್ರ ವಿದ್ಯಾರ್ಥಿಯು ಜೂನ್ ತಿಂಗಳಿನಿಂದ ಫೆಬ್ರವರಿಯವರೆಗೆ ಎಷ್ಟು ಮುಂದೆ ಬಂದಿದ್ದಾನೆಂಬುದು ಗೋಚರವಾಗುತ್ತದೆ.

ಅಂಕಕ್ಕಿಂತ ಒಂದು ಮಾತು

ಪತ್ರಿಕೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ '11' ಎಂದು ಬರೆದರೆ ವಿದ್ಯಾರ್ಥಿಗೆ ತನ್ನ ಸ್ಥಾನ ತಿಳಿಯುತ್ತದೆ. ಮುಂದಿನ ಹೆಜ್ಜೆ ತಿಳಿಯುವುದಿಲ್ಲ. ಇಸ್ರೇಲಿನಲ್ಲಿ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಮತ್ತು ಆರನೆಯ ತರಗತಿಗಳ ಮಕ್ಕಳ ಪೈಕಿ ಕೇವಲ ಟಿಪ್ಪಣಿಯನ್ನು ಪಡೆದವರು ಆಸಕ್ತಿಯಲ್ಲಿಯೂ ಸಾಧನೆಯಲ್ಲಿಯೂ ಮುಂದೆ ಬಂದರು. ಟಿಪ್ಪಣಿಯೊಂದಿಗೆ ಅಂಕವನ್ನೂ ಪಡೆದವರಲ್ಲಿ ಆ ಪ್ರಗತಿ ಕಾಣಲಿಲ್ಲ. ಅಂಕ ಕಂಡೊಡನೆ ಮಗುವಿನ ಗಮನ ಅದರ ಮೇಲೆ ನೆಟ್ಟು, ಟಿಪ್ಪಣಿ ಓದದೆಯೇ ಉಳಿಯುವುದನ್ನು ನಮ್ಮ ತರಗತಿಗಳಲ್ಲಿಯೂ ಕಾಣಬಹುದು. ಆದ್ದರಿಂದ ವರ್ಷದ ನಡುವಣ ಬರಹಗಳಿಗೆ ಮೊದಲು ಟಿಪ್ಪಣಿ ಕೊಟ್ಟು, ತಿದ್ದಿ ಬರೆದ ಬಳಿಕ ಅಂಕ ಕೊಡುವುದು ಹಿತಕರ. 'ಭಾಷೆ ಸುಧಾರಿಸಬೇಕು' ಎಂಬ ಟಿಪ್ಪಣಿಯಿಂದ ಯಾವ ಪ್ರಯೋಜನವೂ ಇಲ್ಲ. 'ಟಾಕಿಯ ಸಂಗತಿಯನ್ನು ಮೊದಲಿಗೆ ತಂದರೆ ನಿನ್ನ ವಾದ ಬಲಗೊಳ್ಳುತ್ತದೆ' ಎಂಬ ಮಾತು ಮಗುವನ್ನು ಮತ್ತೆ ಲೇಖನಿ ಹಿಡಿಯುವಂತೆ ಮಾಡುತ್ತದೆ.

ಪೋಷಕರು ತಿಳಿದಿರಬೇಕಾದುದು

ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ 9ರಂದು ನೀಡಿದ ತೀರ್ಪಿನಲ್ಲಿ, ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯು 2005ರ ಮಾಹಿತಿ ಹಕ್ಕು ಅಧಿನಿಯಮದ ಅರ್ಥದಲ್ಲಿ 'ಮಾಹಿತಿ'ಯೆಂದೂ, ಪರೀಕ್ಷಾರ್ಥಿಯು ತನ್ನ ಪತ್ರಿಕೆಯನ್ನು ನೋಡಲು ಹಾಗೂ ಅದರ ಪ್ರತಿಯನ್ನು ಪಡೆಯಲು ಹಕ್ಕುಳ್ಳವನೆಂದೂ ಹೇಳಿದೆ. ಮರುಮೌಲ್ಯಮಾಪನಕ್ಕೆ ಅವಕಾಶ ಉಂಟೇ ಇಲ್ಲವೇ ಎಂಬುದು ಆಯಾ ಮಂಡಳಿಯ ನಿಯಮಗಳನ್ನು ಅವಲಂಬಿಸಿದೆ. ಪ್ರತಿಯನ್ನು ಪಡೆದಾಗ ಕಳೆದುಹೋದ ಅಂಕಗಳನ್ನು ಹುಡುಕುವುದರ ಜೊತೆಗೆ, ಯಾವ ಅಂಶದಲ್ಲಿ ಅವು ಕಳೆದುಹೋದವು ಎಂಬುದನ್ನು ಮಗುವಿನೊಂದಿಗೆ ಕುಳಿತು ನೋಡುವುದು ಲಾಭದಾಯಕ.

ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ಬೇರೊಂದು ಭಾಷೆಯಲ್ಲಿ ಕಲಿಯುವ ಮಕ್ಕಳ ಪೋಷಕರ ಹೊಣೆ ಇನ್ನೂ ಹೆಚ್ಚಿನದು. ಅಂಕಗಳ ಆಸೆಯಿಂದ ಮಾರ್ಗದರ್ಶಿ ಪುಸ್ತಕಗಳ ಸಿದ್ಧ ಪ್ರಬಂಧಗಳನ್ನು ಬಾಯಿಪಾಠ ಮಾಡಿಸುವುದು ಸುಲಭದ ದಾರಿಯಾಗಿ ತೋರಬಹುದು. ಅದರಿಂದ ಮೇಲಿನ ಮೊದಲನೆಯ ಮಾದರಿಯಂತಹ ಬರಹಗಳು ಹೆಚ್ಚುತ್ತವೆಯೇ ಹೊರತು ಮಗುವಿಗೆ ಕನ್ನಡ ಬರುವುದಿಲ್ಲ. ವಾರಕ್ಕೊಮ್ಮೆ ಊರಿನಲ್ಲಿರುವ ಅಜ್ಜಿಗೆ ಒಂದು ಪತ್ರ, ಸೊಸೈಟಿಯ ಕಾರ್ಯದರ್ಶಿಗೆ ಒಂದು ಮನವಿ, ಕಂಡ ಘಟನೆಯೊಂದರ ಹತ್ತು ಸಾಲಿನ ವರದಿ, ಇವುಗಳನ್ನು ಬರೆಯಿಸಿ, ಮೊದಲು ಹೇಳಿದ ವಿಷಯಕ್ಕೆ ಉತ್ತರ ಕೊಟ್ಟು, ಆಮೇಲೆ ಕಾಗುಣಿತವನ್ನು ತಿದ್ದುವುದು ಉತ್ತಮ. ತನ್ನ ಮಾತನ್ನು ಯಾರೋ ಓದುತ್ತಾರೆಂಬ ನಂಬಿಕೆ ಹುಟ್ಟಿದ ಮಗು ಅಕ್ಷರಗಳನ್ನೂ ಎಚ್ಚರದಿಂದ ಬರೆಯತೊಡಗುತ್ತದೆ.